ಡಾಕ್ಟರ ಚೀಟಿಗೆ ಊರಿಗೊಂದು ಬೆಲೆ

ಮಾನ್ಯ ಆರೋಗ್ಯ ಸಚಿವರಿಗೆ,

ಶರಣು. ಬೆಳಗಾವಿ ಜಿಲ್ಲೆಯ ಗಡಿಭಾಗದ ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಜ್ವರ ಬಂದರೂ, ಎದೆ ಹಿಡಿದರೂ ಮೊದಲು ಓಡುವುದು ಮನೆ ಡಾಕ್ಟರ, ಅಂದರೆ ಖಾಸಗಿ ಡಾಕ್ಟರ ಹತ್ತಿರ. ಅವ್ವನ ಸಕ್ಕರೆ ಕಾಯಿಲೆ, ಅವಳಿಗೆ ಯಾವ ಗುಳಿಗೆ ಒಗ್ಗುವುದಿಲ್ಲ, ಎಲ್ಲ ಅವರಿಗೆ ಬಾಯಿಪಾಠ.

ಹೋದ ತಿಂಗಳು ಅವ್ವನಿಗೆ ಊಟ ಆದ ಮೇಲೆ ಬಲ ಪಕ್ಕೆ ನೋಯತೊಡಗಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, 'ಪಿತ್ತಕೋಶದಲ್ಲಿ ಹರಳು ಇರಬಹುದು, ಸ್ಕ್ಯಾನಿಂಗ್ ಮಾಡಿಸಿ' ಎಂದು ಚೀಟಿ ಬರೆದರು. ಸರ್ಕಾರಿ ದವಾಖಾನೆಗೆ ಹೋದೆವು. ಕೌಂಟರಿನಲ್ಲಿದ್ದವರು ಚೀಟಿ ಮಡಚಿ ವಾಪಸ್ ಕೊಟ್ಟರು. ಹೊರಗಿನವರ ಚೀಟಿ ನಡೆಯುವುದಿಲ್ಲವಂತೆ, ಕೇಸ್ ಪೇಪರ್ ಮಾಡಿಸಿ ಅಲ್ಲಿನ ಡಾಕ್ಟರಿಗೇ ತೋರಿಸಬೇಕಂತೆ. ತೋರಿಸಿದೆವು. ಅವರೂ ಅದೇ ಹೊಟ್ಟೆ ಒತ್ತಿ ಅದನ್ನೇ ಬರೆದರು. ಅಷ್ಟರಲ್ಲಿ ಸ್ಕ್ಯಾನಿಂಗ್ ಡಾಕ್ಟರು ಎದ್ದು ಹೋಗಿದ್ದರು. ಅವರು ಬರುವುದೇ ವಾರಕ್ಕೆ ಎರಡು ದಿನ. ಕೊನೆಗೆ ಮಹಾರಾಷ್ಟ್ರದ ಮಿರಜಿಗೆ ಹೋಗಿ ದುಡ್ಡು ಕೊಟ್ಟು ಮಾಡಿಸಿದೆವು. ಹರಳು ಇತ್ತು.

ಬೆಳಗಾವಿ ನಗರದಲ್ಲಿರುವ ನನ್ನ ಅಕ್ಕನ ಕಥೆಯೇ ಬೇರೆ. ಅವಳ ಡಾಕ್ಟರು ಬೆಳಿಗ್ಗೆ ಚೀಟಿ ಬರೆದರೆ ಸಂಜೆಗೆ ರಿಪೋರ್ಟ್ ವಾಟ್ಸಾಪ್‌ಗೆ ಬಂದಿರುತ್ತದೆ. ದುಡ್ಡು ಅವಳೂ ಕೊಡುತ್ತಾಳೆ, ಆದರೆ ಅದಕ್ಕಾಗಿ ಒಂದು ದಿನದ ಕೂಲಿ ಬಿಡಬೇಕಿಲ್ಲ. ಇಬ್ಬರು ಡಾಕ್ಟರೂ ಓದಿದ್ದು ಅದೇ ಎಂಬಿಬಿಎಸ್. ಜಿಲ್ಲೆ ಕೂಡ ಒಂದೇ ಅಲ್ವಾ? ಅಥಣಿಯವರು ಮಿರಜಿಗೆ, ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ-ಚಡಚಣದವರು ಸೊಲ್ಲಾಪುರಕ್ಕೆ ಸುಮ್ನೆ ಹೋಗುವುದಿಲ್ಲ.

ಇಂಗ್ಲೆಂಡಿನಲ್ಲೂ ಊರಿಗೊಂದು ರೀತಿ ಇತ್ತು. 2022ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಒಂದು ದಾರಿ ತೆಗೆಯಿತು. ಕ್ಯಾನ್ಸರ್ ಅನುಮಾನ ಬಂದರೆ ಸ್ಪೆಷಲಿಸ್ಟ್‌ಗೆ ಕಾಯದೆ ಫ್ಯಾಮಿಲಿ ಡಾಕ್ಟರೇ ಸಿಟಿ, ಅಲ್ಟ್ರಾಸೌಂಡ್, ಮಿದುಳಿನ ಎಂಆರ್‌ಐಗೆ ನೇರವಾಗಿ ಬರೆಯಬಹುದು ಎಂದಿತು. ನಾವು ಎಂಆರ್‌ಐ ಕೇಳುತ್ತಿಲ್ಲ ಸಾಹೇಬರೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಹೊಟ್ಟೆ ಸ್ಕ್ಯಾನಿಂಗ್, ಇಷ್ಟಕ್ಕಾದರೂ ಕೆಪಿಎಂಇ, ಅಂದರೆ ಖಾಸಗಿ ದವಾಖಾನೆಗಳ ಕಾಯ್ದೆಯಡಿ ನೋಂದಣಿಯಾದ ಕ್ಲಿನಿಕ್ಕಿನ ಎಂಬಿಬಿಎಸ್ ಡಾಕ್ಟರ ಚೀಟಿ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯಲಿ. ಖಾಸಗಿಯವರು ಕಮಿಷನ್ನಿಗೆ ಜಾಸ್ತಿ ಬರೆಯುತ್ತಾರೆ ಎಂಬ ಭಯ ನಿಮಗಿರಬಹುದು. ಸರ್ಕಾರಿ ಮಷಿನ್‌ಗೆ ಕಳಿಸಿದರೆ ಕಮಿಷನ್ ಕೊಡುವವರು ಯಾರು?

ಇನ್ನು ಆಪರೇಷನ್. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ಒಳ್ಳೆಯದೇ. ಆದರೆ ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಸೇರಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮನೆ ಡಾಕ್ಟರ ಪತ್ರ, ಮಿರಜಿನ ರಿಪೋರ್ಟ್ ಎರಡೂ ನನ್ನ ಜೇಬಿನಲ್ಲಿವೆ. ಸೋಮವಾರ ಅವ್ವನನ್ನು ಕರೆದುಕೊಂಡು ಮತ್ತೆ ಕೇಸ್ ಪೇಪರ್ ಸಾಲಿನಲ್ಲಿ ನಿಲ್ಲುತ್ತೇನೆ.

ಇಂತಿ,
ಗಡಿಭಾಗದ ಒಬ್ಬ ರೈತ