ಮಗಳಿಗೊಂದು ಪತ್ರ: ಕೊಳೆ ಬಂದ ಆ ವರ್ಷ

ಪುಟ್ಟೀ,

ಬಸ್ಸು ಹೊರಟಾಗ ನೀನು ತಿರುಗಿ ನೋಡಲಿಲ್ಲ. ನಾನೂ ಕೈ ಎತ್ತಲಿಲ್ಲ. ಹಿಂದಿನ ರಾತ್ರಿ ಏನೇನು ಮಾತಾಯಿತು ಅಂತ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ.

ಒಂದನ್ನು ಮಾತ್ರ ಹೇಳಬೇಕು. ನೀನು ಪುಣೆಯ ಕೆಲಸ, ಸಂಬಳ, ಉಳಿಯುವ ಜಾಗ ಎಲ್ಲ ಬಿಡಿಸಿ ಹೇಳಿದೆ. ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. 'ಇವತ್ತು ಪುಣೆ, ನಾಳೆ ಅಮೆರಿಕ, ಆಮೇಲೆ ತೋಟ ಮಾರು ಅಂತೀಯ' ಅಂದೆ. ಪುಣೆಗೂ ತೋಟ ಮಾರುವುದಕ್ಕೂ ಏನು ಸಂಬಂಧ? ನನ್ನ ಹೆದರಿಕೆಯನ್ನೇ ಕಾರಣ ಅಂತ ನಿನ್ನ ಮುಂದಿಟ್ಟೆ. ತಪ್ಪಾಯಿತು.

ಅವತ್ತಿನಿಂದ ನಮ್ಮ ಅಡಿಕೆ ತೋಟಕ್ಕೆ ಕೊಳೆ ರೋಗ ಬಂದ ಆ ವರ್ಷವೇ ಕಣ್ಣಮುಂದೆ ಬರುತ್ತಿದೆ. ನೀನಾಗ ಏಳನೇ ಕ್ಲಾಸು. ಅದರ ಹಿಂದಿನ ವರ್ಷ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗದೆ, ಕೊಳೆ ತಡೆಯುವ ಬೋರ್ಡೋ ಮದ್ದನ್ನು ಎರಡನೇ ಸಲ ಹೊಡೆಸಿರಲಿಲ್ಲ. ಆದರೂ ಒಂದು ಅಡಿಕೆ ಗೊನೆಯೂ ಕೊಳೆಯಲಿಲ್ಲ. 'ಎರಡನೇ ಸಲ ಹೊಡೆಸುವುದು ಸುಮ್ನೆ ಖರ್ಚು' ಅಂತ ತೀರ್ಮಾನ ಮಾಡಿಬಿಟ್ಟೆ. ಹೋಂವರ್ಕ್ ಬರೆಯುತ್ತಿದ್ದ ನೀನು ತಲೆ ಎತ್ತಿ, 'ಅಪ್ಪಯ್ಯ, ಹೋದ ವರ್ಷ ಮಳೆನೇ ಕಡಿಮೆ ಇತ್ತಲ್ವಾ?' ಅಂದೆ. 'ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಬೇಡ' ಅಂತ ಗದರಿದೆ.

ಆ ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಬೆಳಗ್ಗೆ ತೋಟಕ್ಕೆ ಹೋದರೆ ಬುಡದ ತುಂಬ ಉದುರಿದ ಎಳೆ ಅಡಿಕೆ, ಮೇಲೆ ಬಿಳಿ ಬೂಸ್ಟು. ನೀನು ಬುಟ್ಟಿ ಹಿಡಿದು ನನ್ನ ಜೊತೆ ಹೆಕ್ಕಿದೆ. 'ನಾನು ಹೇಳಿರಲಿಲ್ವಾ' ಅಂತ ಒಂದು ದಿನವೂ ಅನ್ನಲಿಲ್ಲ. ಆ ಬುಟ್ಟಿ ನಿನ್ನ ಸೊಂಟಕ್ಕಿಂತ ದೊಡ್ಡದಿತ್ತು. ನೀನು ಹೇಳಿದ್ದು ಸರಿ ಅನ್ನಲು ನನಗೆ ಅವತ್ತು ಬಾಯಿ ಬರಲಿಲ್ಲ. ಈಗ ಹೇಳುತ್ತಿದ್ದೇನೆ. ನೀನು ಹೇಳಿದ್ದೇ ಸರಿ ಇತ್ತು, ಪುಟ್ಟಿ.

ಬೋರ್ಡೋ ಹುಟ್ಟಿದ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಊರೆಲ್ಲ ರೋಗ ಬಂದರೂ ಆ ಬಳ್ಳಿಗಳ ಎಲೆ ಉಳಿದದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರ್ ನೋಡಿದ. ನೋಡಿದ್ದಷ್ಟಕ್ಕೇ ಮದ್ದು ಸಿಕ್ಕಿತು ಅನ್ನಲಿಲ್ಲ. ಬೇಕಂತಲೇ ಹೊಡೆಸಿ ಪರೀಕ್ಷೆ ಮಾಡಿ, 1885ರಲ್ಲಿ ಜನರಿಗೆ ತಿಳಿಸಿದ. ನಾನೂ ಒಂದು ವರ್ಷ ಏನೋ ನೋಡಿದೆ. ಬೇರೆ ಕಾರಣ ಇರಬಹುದಾ ಅಂತ ಕೇಳಿಕೊಳ್ಳಲಿಲ್ಲ. ಕೇಳಿದ ಹುಡುಗಿಯ ಬಾಯಿ ಮುಚ್ಚಿಸಿದೆ.

ಗೌತಮ ಮುನಿಯ ನ್ಯಾಯಸೂತ್ರ ಅನ್ನುವ ಹಳೇ ತರ್ಕದ ಗ್ರಂಥದಲ್ಲಿ ಚರ್ಚೆಗೆ ಮೂರು ಹೆಸರಿವೆ. ನಿಜ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ತನ್ನದೇನನ್ನೂ ಹೇಳದೆ ಎದುರಿನವರ ಮಾತನ್ನು ಬರೀ ಕೆಡವುವುದು ವಿತಂಡ. 'ಇಲ್ಲೇ ಇದ್ದು ಏನು ಮಾಡಲಿ ಹೇಳು' ಅಂತ ನೀನು ಕೇಳಿದಾಗ ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಮಾಡಿದ್ದು ವಿತಂಡ.

ಆದರೆ ನೀನೂ 'ನಿಂಗೆ ಊರು ಬಿಟ್ಟು ಏನ್ ಗೊತ್ತು' ಅಂದೆಯಲ್ಲ, ಅದು ಸರಿಯಲ್ಲ. ಊರು ಬಿಡದವನ ಮಾತೂ ಸರಿ ಇರಬಹುದು. ಮಾತನ್ನು ತೂಗು, ಆಡಿದವರನ್ನಲ್ಲ. ಆಫೀಸಿನಲ್ಲೂ ಹಾಗೇ. ಯಾರಾದರೂ ಒಂದೇ ಉದಾಹರಣೆ ಕೊಟ್ಟು 'ಎಲ್ಲರೂ ಹೀಗೇ' ಅಂದರೆ ಎರಡನೆಯದನ್ನು ಕೇಳು. ನಿನಗೆ ಸಿಟ್ಟು ಬಂದಾಗ ಎದುರಿನವರ ಮಾತನ್ನು ಮೊದಲು ನಿನ್ನ ಬಾಯಲ್ಲಿ ಹೇಳಿ ನೋಡು, ಅವರು ಹೌದು ಅಂದ ಮೇಲೆ ಉತ್ತರ ಕೊಡು. ಜಾಸ್ತಿ ಹೇಳಿದೆನೇನೋ. ಏಳನೇ ಕ್ಲಾಸಿನಲ್ಲೇ ಇದು ಗೊತ್ತಿದ್ದವಳು ನೀನು.

ತೋಟದ ಮಾತು, ಅಮೆರಿಕದ ಮಾತು ಎಲ್ಲ ವಾಪಸ್ ತಗೊಂಡಿದ್ದೇನೆ. ನಿಜವಾಗಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಇತ್ತು, ಅದನ್ನೇ ಕೇಳಲಿಲ್ಲ. ರಾತ್ರಿ ಪಾಳಿ ಮುಗಿದ ಮೇಲೆ ರೂಮಿಗೆ ಹೇಗೆ ಹೋಗುತ್ತೀಯ? ಅದೊಂದನ್ನು ಬಿಡಿಸಿ ಬರೆ. ಎರಡನೇ ಬೋರ್ಡೋಗೆ ಕೊನೆಗೌಡನಿಗೆ ಈಗಲೇ ಹೇಳಿಟ್ಟಿದ್ದೇನೆ. ಅಮ್ಮ ಕಟ್ಟಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಇಲ್ಲೇ ಉಳಿದಿದೆ, ಕಳಿಸುತ್ತೇನೆ.

ನಿನ್ನ
ಅಪ್ಪಯ್ಯ