ಬಿಲ್ಲಿನ ಕೊನೆಯ ಸಾಲು ನೋಡಿ, ಆಮೇಲೆ ದೋಸೆ ಬಗ್ಗೆ ಮಾತಾಡೋಣ

ನಮ್ಮ ಸಂಘದ ಯಾವ ಕಾರ್ಯಕ್ರಮ ಮುಗಿದರೂ, ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಾ ನಿಂತವರ ನಡುವೆ ಈ ಮಾತು ಬಂದೇ ಬರುತ್ತದೆ. "ಅಲ್ರೀ, ಒಂದು ಮಸಾಲೆ ದೋಸೆಗೆ ಇಷ್ಟು ದುಡ್ಡಾ? ಊರಲ್ಲಾದರೆ ಇದರಲ್ಲಿ ಮನೆಮಂದಿಯೆಲ್ಲ ತಿಂಡಿ ತಿಂದು ಬರಬಹುದಿತ್ತು." ಪಕ್ಕದವರು ತಕ್ಷಣ ಫೋನ್ ತೆಗೆದು ಡಾಲರನ್ನು ರೂಪಾಯಿಗೆ ಗುಣಿಸುತ್ತಾರೆ. ಎಲ್ಲರೂ ಒಮ್ಮೆ ಅಯ್ಯೋ ಅನ್ನುತ್ತಾರೆ. ಮುಂದಿನ ಭಾನುವಾರ ಅದೇ ಜನ ಸಿಂಗಾಪುರದ ಸೆರಂಗೂನ್ ರಸ್ತೆಯಲ್ಲಿ ಅದೇ ದೋಸೆಗೆ ಕ್ಯೂ ನಿಂತಿರುತ್ತಾರೆ.

ಸಿಂಗಾಪುರಕ್ಕೆ ಬಂದು ಇಷ್ಟು ವರ್ಷವಾದರೂ ಸಂಬಳ ಡಾಲರಿನಲ್ಲಿ ಎಣಿಸುತ್ತೇವೆ, ದೋಸೆ ಮಾತ್ರ ರೂಪಾಯಿಯಲ್ಲಿ. ಅದು ಹೋಗಲಿ. ಗುಣಿಸುವ ಚಟ ಬಿಡೋದು ಕಷ್ಟ ಅಂತ ನನಗೂ ಗೊತ್ತು. ನನ್ನ ತಕರಾರು ಇರುವುದು ಯಾವುದನ್ನು ಯಾವುದರ ಜೊತೆ ಹೋಲಿಸುತ್ತೇವೆ ಅನ್ನುವುದರ ಬಗ್ಗೆ.

ಬೆಂಗಳೂರಿನ ದರ್ಶಿನಿ ಅನ್ನುವುದು 1980ರ ದಶಕದಲ್ಲಿ ಶುರುವಾದ ಒಂದು ಜಾಣ ಲೆಕ್ಕಾಚಾರ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಎ.ಸಿ. ಇಲ್ಲ. ಟೋಕನ್ ತಗೊಳ್ಳಿ, ನಿಂತು ತಿನ್ನಿ, ತಟ್ಟೆ ಟಬ್ಬಿಗೆ ಹಾಕಿ, ಹೊರಡಿ. ಹತ್ತು ನಿಮಿಷಕ್ಕೆ ಗಿರಾಕಿ ಬದಲಾಗುವ ಜಾಗದಲ್ಲಿ ಒಂದು ಪ್ಲೇಟ್ ಇಡ್ಲಿಯ ಮೇಲೆ ಬೀಳುವ ಬಾಡಿಗೆ ತುಂಬಾ ಕಮ್ಮಿ, ಅದಕ್ಕೇ ಅಲ್ಲಿ ಇಡ್ಲಿ ಅಗ್ಗ. ಇಲ್ಲಿ ಅದೇ ಲೆಕ್ಕದ ಮೇಲೆ ನಡೆಯುವುದು ಹಾಕರ್ ಸೆಂಟರ್. 1970ರ ದಶಕದಿಂದ ಸರ್ಕಾರ ಬೀದಿಬದಿ ವ್ಯಾಪಾರಿಗಳನ್ನು ಒಂದು ಸೂರಿನ ಕೆಳಗೆ ತಂದು ಕೂರಿಸಿತು, ನಲ್ಲಿ ನೀರು ಮತ್ತು ಚರಂಡಿ ಕೊಟ್ಟಿತು. 2020ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಇದು ಸೇರಿತು. ಮೇಜು ಎಲ್ಲರಿಗೂ ಸೇರಿದ್ದು, ತಟ್ಟೆ ನಾವೇ ಎತ್ತಿಡಬೇಕು, 2021ರ ಸೆಪ್ಟೆಂಬರ್‌ನಿಂದ ಎತ್ತಿಡದಿದ್ದರೆ ದಂಡವೂ ಬೀಳಬಹುದು. ಸಪ್ಲೈಯರ್ ಸಂಬಳ, ಎ.ಸಿ. ಕರೆಂಟು ಯಾವುದೂ ನಿಮ್ಮ ತಟ್ಟೆಯ ಮೇಲೆ ಬರುವುದಿಲ್ಲ.

ಹಾಗಾಗಿ ದರ್ಶಿನಿಯ ದೋಸೆಯನ್ನು ಲಿಟಲ್ ಇಂಡಿಯಾದ ಹಾಕರ್ ಸೆಂಟರ್ ಆದ ಟೆಕ್ಕಾ ಸೆಂಟರಿನ ಅಂಗಡಿಯ ದೋಸೆ ಜೊತೆ ಹೋಲಿಸಿ. ಎ.ಸಿ. ಹೋಟೆಲಿನ ದೋಸೆಯನ್ನು ಬೆಂಗಳೂರಿನ ಮಾಲ್ ಒಳಗಿನ ರೆಸ್ಟೋರೆಂಟ್ ಜೊತೆ ಹೋಲಿಸಿ. ಆ ಮಾಲ್‌ನಲ್ಲಿ ಕಾಫಿಗೆ ಎಷ್ಟು ಕೊಟ್ಟೆ ಅಂತ ಮಾತ್ರ ಯಾರೂ ಚಪ್ಪಲಿ ಹತ್ತಿರ ನಿಂತು ಹೇಳುವುದಿಲ್ಲ, ಅಲ್ವಾ?

ಈಗ ಬಿಲ್ಲಿನ ವಿಷಯ. ಮೆನುವಿನ ಕೆಳಗೆ ಸಣ್ಣಕ್ಷರದಲ್ಲಿ ಎರಡು ಪ್ಲಸ್ ಗುರುತು ಇರುತ್ತದೆ. ಇಲ್ಲಿನವರು ಅದನ್ನು ಪ್ಲಸ್ ಪ್ಲಸ್ ಅಂತಲೇ ಕರೆಯುತ್ತಾರೆ. ಒಂದು ಪ್ಲಸ್ 10% ಸರ್ವಿಸ್ ಚಾರ್ಜ್, ಇನ್ನೊಂದು ಜಿಎಸ್‌ಟಿ. ಜಿಎಸ್‌ಟಿ 2023ರಲ್ಲಿ 7ರಿಂದ 8ಕ್ಕೆ, 2024ರ ಜನವರಿಯಲ್ಲಿ 9%ಗೆ ಏರಿತು. ಮಜಾ ಏನಂದ್ರೆ ಈ 9% ಬೀಳುವುದು ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ. ಹಾಗಾಗಿ 10 ಡಾಲರಿನ ತಿಂಡಿಗೆ ನೀವು ಕೊಡುವುದು 11 ಡಾಲರ್ 99 ಸೆಂಟ್. ನಾಲ್ಕು ಜನ ಕೂತು ಮೆನು ನೋಡಿ 48 ಡಾಲರ್ ಆಯ್ತು ಅಂದುಕೊಂಡರೆ ಬಿಲ್ ಬರುವುದು 57 ಡಾಲರ್ 55 ಸೆಂಟ್. ಹೆಚ್ಚುಕಮ್ಮಿ ಐದನೆಯವರಿಗೂ ಊಟ ಹಾಕಿಸಿದಷ್ಟು ಜಾಸ್ತಿ.

ಅಂಗಡಿಗಳು ತೆರಿಗೆ ಸೇರಿಸಿಯೇ ಬೆಲೆ ಬರೆಯಬೇಕು ಅನ್ನುವ ನಿಯಮ ಇಲ್ಲಿದೆ. ಸರ್ವಿಸ್ ಚಾರ್ಜ್ ಹಾಕುವ ಹೋಟೆಲುಗಳಿಗೆ ಮಾತ್ರ ಅದರಿಂದ ವಿನಾಯಿತಿ. ಅಂದರೆ ಸರ್ವಿಸ್ ಚಾರ್ಜ್ ಇಲ್ಲದ ಹೋಟೆಲಿನ ಮೆನುವಿನಲ್ಲಿ 8 ಡಾಲರ್ ಅಂತ ಇದ್ದರೆ 8 ಡಾಲರ್ ಅಷ್ಟೇ. ಪಕ್ಕದ ಪ್ಲಸ್ ಪ್ಲಸ್ ಹೋಟೆಲಿನಲ್ಲಿ 7 ಡಾಲರ್ ಅಂತ ಕಂಡದ್ದು ನಿಜದಲ್ಲಿ 8 ಡಾಲರ್ 39 ಸೆಂಟ್. ಇನ್ನು ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಕಮ್ಮಿ ವಹಿವಾಟು ಇರುವವರು ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು ಅಂತೇನಿಲ್ಲ, ಆದ್ದರಿಂದಲೇ ಸಣ್ಣ ಅಂಗಡಿಗಳಲ್ಲಿ ಆ ಸಾಲೇ ಇರುವುದಿಲ್ಲ. ಸರ್ವಿಸ್ ಚಾರ್ಜ್ ಸರ್ಕಾರಕ್ಕೆ ಹೋಗುವ ತೆರಿಗೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಹೋಟೆಲಿನದೇ ದುಡ್ಡು. ಬಡಿಸಿದ ಹುಡುಗನ ಕೈಗೆ ಅಷ್ಟೂ ಸೇರುತ್ತದೆ ಅನ್ನುವ ಖಾತರಿಯೂ ಇಲ್ಲ. ನೀರು ಕೇಳಲು ಮೂರು ಸಲ ಕೈ ಎತ್ತಬೇಕಾದ ಜಾಗದಲ್ಲಿ ಈ 10% ನೋಡಿದರೆ ನನಗೆ ಮೈ ಉರಿಯುತ್ತದೆ. ಸ್ವಂತ ತಟ್ಟೆ ತಾನೇ ಎತ್ತಿಡುವ ಜಾಗದಲ್ಲೂ ಒಮ್ಮೆ ಈ ಚಾರ್ಜ್ ಕಂಡಿದ್ದೇನೆ, ಹೆಸರು ಬೇಡ.

(ಚೀನೀ ಹೋಟೆಲುಗಳಲ್ಲಿ ಕೂತ ತಕ್ಷಣ ಕಡಲೆಬೀಜ, ಒದ್ದೆ ಟಿಶ್ಯೂ ತಂದಿಡುತ್ತಾರಲ್ಲ, ಹಲವು ಕಡೆ ಅದಕ್ಕೂ ದುಡ್ಡು. ಬೇಡ ಅಂದರೆ ವಾಪಸ್ ತಗೊಂಡು ಹೋಗುತ್ತಾರೆ, ಸಂಕೋಚ ಬೇಡ.)

ಹೊಸ ಹೋಟೆಲಿಗೆ ಹೋದರೆ ನಾನು ಮೊದಲು ತಗೊಳ್ಳುವುದು ಇಡ್ಲಿ, ಸಾಂಬಾರ್, ಕಾಫಿ. ಚೀಸ್ ದೋಸೆ, ಶೆಜ್ವಾನ್ ದೋಸೆ ತಿಂದರೆ ಹೋಟೆಲಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ, ಚೀಸ್ ಬಗ್ಗೆ ಗೊತ್ತಾಗುತ್ತದೆ. ಇಡ್ಲಿಯಲ್ಲಿ ಬಚ್ಚಿಡಲು ಜಾಗ ಇಲ್ಲ. ಹಿಟ್ಟು ಹುಳಿ ಬಂದಿದೆಯಾ, ಹಬೆಯಿಂದ ಈಗ ಇಳಿಸಿದ್ದಾ, ಬೆಳಗಿನದನ್ನು ಬಿಸಿ ಮಾಡಿದ್ದಾ, ಮೊದಲ ತುತ್ತಿಗೇ ತಿಳಿಯುತ್ತದೆ. ಕಾಯಿಚಟ್ನಿಗೆ ಇಲ್ಲಿನ ಸೆಕೆ ದೊಡ್ಡ ಶತ್ರು, ರಾತ್ರಿ ಎಂಟಕ್ಕೂ ಚಟ್ನಿ ತಾಜಾ ಇದ್ದರೆ ಅಡುಗೆಮನೆಯಲ್ಲಿ ಯಾರೋ ಕಾಳಜಿ ಇರುವವರಿದ್ದಾರೆ ಅಂತ ಅರ್ಥ. ಆಮೇಲೆ ಎರಡನೇ ಸಲ ಸಾಂಬಾರ್ ಕೇಳಿ ನೋಡಿ. ಬಕೆಟ್ ಹಿಡಿದು ತಾವೇ ಬರುತ್ತಾರಾ, ಮುಖ ಸಿಂಡರಿಸಿ ಒಂದು ಚಿಕ್ಕ ಬಟ್ಟಲು ಇಟ್ಟು ಹೋಗುತ್ತಾರಾ, ಅದಕ್ಕೂ ಬಿಲ್ ಮಾಡುತ್ತಾರಾ? ಹೋಟೆಲಿನ ಮನಸ್ಸು ಎಂಥದು ಅಂತ ನನಗೆ ಗೊತ್ತಾಗುವುದು ಅಲ್ಲೇ.

ಮಕ್ಕಳು ಕೇಳುವ ಪೇಪರ್ ದೋಸೆ ಫೋಟೋಗೆ ಸರಿ. ಮೇಜಿನ ಅರ್ಧ ಉದ್ದ ಇರುತ್ತದೆ, ಹೊಟ್ಟೆ ಸೇರುವ ಹಿಟ್ಟು ಅಷ್ಟಕ್ಕಷ್ಟೇ. ದುಡ್ಡಿಗೆ ತಕ್ಕ ಹೊಟ್ಟೆ ತುಂಬಬೇಕು ಅಂದ್ರೆ ಸೆಟ್ ದೋಸೆ, ಇಲ್ಲ ಮಧ್ಯಾಹ್ನದ ಬಾಳೆ ಎಲೆ ಊಟ. ಅನ್ನ, ಪಲ್ಯ, ಸಾರು ಮತ್ತೆ ಮತ್ತೆ ಹಾಕುವ ಕಡೆ ಹೊಸದಾಗಿ ಬಂದ ಬ್ಯಾಚುಲರ್ ಹುಡುಗರಿಗೆ ಅದಕ್ಕಿಂತ ಲಾಭದ ಊಟ ಇಲ್ಲ. ನಾಲ್ಕು ತುತ್ತಿಗೆ ಸಾಕು ಅನ್ನುವ ಮಗುವಿಗೂ ಒಂದು ಪೂರ್ತಿ ಎಲೆ ಹಾಕಿಸಿದರೆ ಅದೇ ಊಟ ನಷ್ಟ. ಬೆಳಗಿನ ರೋಟಿ ಪ್ರಾಟಾ (ಇಲ್ಲಿನ ಪರೋಟ) ಕೂಡ ಒಳ್ಳೇದೇ, ಆದರೆ ಶಾಕಾಹಾರಿಗಳು ಜೊತೆಗೆ ಬರುವ ಕರ‍್ರಿ ಯಾವುದು ಅಂತ ಕೇಳಿಯೇ ಮುಟ್ಟಿ. ಎಷ್ಟೋ ಕಡೆ ಅದು ಮೀನಿನದೋ ಮಟನ್‌ದೋ ಆಗಿರುತ್ತದೆ. ದಾಲ್ ಕೊಡಿ ಅಂದರೆ ಕೊಡುತ್ತಾರೆ.

ಕಾಫಿ ಬಗ್ಗೆ ಜಗಳ ಬೇಡ. ಇಲ್ಲಿನ ಕೋಪಿ ಬೇರೆಯದೇ ಪಾನೀಯ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿದು, ಬಟ್ಟೆ ಚೀಲದಲ್ಲಿ ಸೋಸಿ, ಕಂಡೆನ್ಸ್ಡ್ ಮಿಲ್ಕ್ ಹಾಕಿ ಕೊಡುತ್ತಾರೆ. ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ಅಂದುಕೊಂಡು ಕುಡಿದರೆ ಬೇಜಾರಾಗುತ್ತದೆ, ಕೋಪಿ ಅಂತಲೇ ಕುಡಿದರೆ ಅಷ್ಟು ಕಮ್ಮಿ ದುಡ್ಡಿಗೆ ಈ ಊರಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಇನ್ನೊಂದು ದೂರು, ಸಾಂಬಾರಿಗೆ ಬೆಲ್ಲ ಇಲ್ಲ ಅನ್ನೋದು. ಸ್ವಾಮಿ, ಕೋಮಲ ವಿಲಾಸ್ 1947ರಿಂದ ಸೆರಂಗೂನ್ ರಸ್ತೆಯಲ್ಲಿದೆ, ತಮಿಳು ರುಚಿಯ ಅಡುಗೆ ಮಾಡುತ್ತಾ ಬಂದಿದೆ. ಅಲ್ಲಿ ಹೋಗಿ ಉಡುಪಿ ಸಾಂಬಾರ್ ಹುಡುಕಿ ಅಂಕ ಕಳೆಯೋದು ನ್ಯಾಯವಲ್ಲ. ನಮ್ಮ ಎಂ.ಟಿ.ಆರ್. ಇಲ್ಲಿ ಬಾಗಿಲು ತೆರೆದಾಗ ಮಾತ್ರ ಲಾಲ್‌ಬಾಗ್ ರಸ್ತೆಯ ಜೊತೆ ಹೋಲಿಸುವ ಹಕ್ಕು ನಮಗೆ ಬಂತು. ರವೆ ಇಡ್ಲಿಗೆ ಅಲ್ಲಿ ಎಷ್ಟು ಬೇಕಾದರೂ ತಕರಾರು ತೆಗೆಯಿರಿ.

ಅಡುಗೆಯವರ ಪರವಾಗಿಯೂ ಒಂದು ಮಾತು. ಭಾರತದಿಂದ ವರ್ಕ್ ಪರ್ಮಿಟ್ ಮೇಲೆ ಅಡುಗೆಯವರನ್ನು ಕರೆಸಿಕೊಳ್ಳಲು ಭಾರತೀಯ ಹೋಟೆಲುಗಳಿಗೆ ಅವಕಾಶ ಸಿಕ್ಕಿದ್ದು 2023ರ ಸೆಪ್ಟೆಂಬರ್‌ನಿಂದ ಮಾತ್ರ. ಅದಕ್ಕೂ ಲೆಕ್ಕ ಇಟ್ಟ ಮಿತಿ ಇದೆ, ಪ್ರತಿ ಕೆಲಸಗಾರನಿಗೆ ಸರ್ಕಾರಕ್ಕೆ ಕಟ್ಟುವ ತಿಂಗಳ ಲೆವಿ ಬೇರೆ. ಕಾವಲಿ ಮುಂದೆ ನಿಲ್ಲುವ ಕೈ ಇಲ್ಲಿ ದುಬಾರಿ. ಒಳ್ಳೆಯ ದೋಸೆ ಹುಯ್ಯುವವನು ಬಿಟ್ಟು ಹೋದರೆ ಅದೇ ಹೋಟೆಲ್ ಮೂರು ತಿಂಗಳಲ್ಲಿ ಬೇರೆ ಹೋಟೆಲ್ ಆಗಿರುತ್ತದೆ, ಆದ್ದರಿಂದ ಎರಡು ವರ್ಷದ ಹಿಂದಿನ ಹೊಗಳಿಕೆ ನಂಬಿ ನೆಂಟರನ್ನು ಕರೆದುಕೊಂಡು ಹೋಗಬೇಡಿ.

ಇಷ್ಟೆಲ್ಲ ಪೀಠಿಕೆ ಯಾಕಂದ್ರೆ ನಮ್ಮ ಸಂಘದ ಪತ್ರಿಕೆಯ ಮುಂದಿನ ಸಂಚಿಕೆಯಿಂದ ‘ಊಟದ ಲೆಕ್ಕ’ ಅಂತ ಅರ್ಧ ಪುಟ ಮೀಸಲಿಡುತ್ತಿದ್ದೇವೆ. ಸೂಪರ್, ವಾವ್, ಐದು ನಕ್ಷತ್ರ ಇವು ಬೇಡ. ಎಷ್ಟು ಜನ ಹೋಗಿದ್ದಿರಿ, ಏನು ತಿಂದಿರಿ, ಪ್ಲಸ್ ಪ್ಲಸ್ ಸೇರಿ ಕೊನೆಗೆ ಎಷ್ಟು ಕೊಟ್ಟಿರಿ, ವಾರದ ಯಾವ ದಿನ, ಸಾಂಬಾರ್ ಎರಡನೇ ಸಲ ಬಂತಾ, ಮತ್ತೆ ನಿಮ್ಮ ಸ್ವಂತ ದುಡ್ಡಿನಲ್ಲಿ ಹೋಗುತ್ತೀರಾ, ಇಷ್ಟು ಬರೆದರೆ ಸಾಕು. ಸಣ್ಣ ಅಂಗಡಿಗಳ ಬಗ್ಗೆ ಬರೆದರೆ ಮೊದಲು ಜಾಗ ಕೊಡುತ್ತೇವೆ. ಹೋಟೆಲಿನವರು ನಿಮ್ಮ ಭಾವನೋ ಗೆಳೆಯನೋ ಆಗಿದ್ದರೆ ಅದನ್ನೂ ಬರೆಯಿರಿ.

ನಮ್ಮ ಹಿಂಬದಿ ಪುಟದಲ್ಲಿ ಹೋಟೆಲ್ ಜಾಹೀರಾತು ಬರುತ್ತದಲ್ಲ, ಅವರ ಬಗ್ಗೆ ಬರೆಯಬಹುದಾ ಅಂತ ಕಮಿಟಿಯಲ್ಲೇ ಒಬ್ಬರು ಕೇಳಿದರು. ಧಾರಾಳವಾಗಿ ಬರೆಯಿರಿ. ಸಂಘದ ಸದಸ್ಯರಿಗೆ ಅವರು ಕೊಡುವ 10% ರಿಯಾಯಿತಿ 10% ಸರ್ವಿಸ್ ಚಾರ್ಜ್‌ನಲ್ಲೇ ಕರಗಿ ಹೋಗುತ್ತದೆ ಅಂತ ಖಜಾಂಚಿಯವರು ಆಗಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಬರಹ ತಿಂಗಳ 20ನೇ ತಾರೀಖಿನೊಳಗೆ ಬರಲಿ. ಬಿಲ್ಲಿನ ಫೋಟೋ ಜೊತೆಗಿದ್ದರೆ ಒಳ್ಳೆಯದು, ಕಾರ್ಡ್ ನಂಬರ್ ಇರುವ ಭಾಗ ಮಡಚಿ ತೆಗೆಯಿರಿ.