ಲಂಡನ್–ಪ್ಯಾರಿಸ್: ವಿಮಾನದ ಹೊತ್ತೊಂದೇ ಸಾಲದು

ಸಂಪಾದಕರೇ,

ಪ್ರವಾಸ ಪುಟದಲ್ಲಿ 'ಲಂಡನ್‌ನಿಂದ ಪ್ಯಾರಿಸ್‌ಗೆ 340 ಕಿ.ಮೀ., ವಿಮಾನದಲ್ಲಿ ಒಂದೂಕಾಲು ಗಂಟೆ' ಅಂತ ಓದಿದೆ. ಲೆಕ್ಕ ತಪ್ಪೇನಲ್ಲ. ಆದರೆ ಅದನ್ನೇ ನಂಬಿ ವಯಸ್ಸಾದವರನ್ನು ಕರೆದುಕೊಂಡು ಹೊರಟರೆ ಕಷ್ಟ ಆಗುತ್ತದೆ. ನಾನು ಅಮ್ಮನ ಜೊತೆ ಹೋಗಿ ಬಂದವನು, ಅದಕ್ಕೇ ಬರೆಯುತ್ತಿದ್ದೇನೆ.

ಆ 340 ಅನ್ನೋದು ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಬರುವ ದೂರ. ರಸ್ತೆಯಲ್ಲಿ ಸುಮಾರು 460 ಆಗುತ್ತದೆ, ರೈಲಿನಲ್ಲಿ 490. ಮಧ್ಯೆ ಸಮುದ್ರ ಇದೆಯಲ್ವಾ, ಕಾರಿನಲ್ಲಿ ಹೋಗುವವರೂ ಕಾರನ್ನು ಹಡಗಿಗೋ ಸಮುದ್ರದಡಿಯ ಸುರಂಗದಲ್ಲಿ ಓಡುವ ರೈಲಿಗೋ ಹತ್ತಿಸಲೇಬೇಕು.

ನಾವು ಹೋಗಿದ್ದು ಯೂರೋಸ್ಟಾರ್ ರೈಲಿನಲ್ಲಿ. ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಲ್ಲಿ ಹತ್ತಿದರೆ ಪ್ಯಾರಿಸ್‌ನ ಗಾರ್ ದು ನಾರ್‌ನಲ್ಲಿ ಇಳಿಯುವುದು, ಎರಡೂ ಊರೊಳಗೇ ಇವೆ. ಎರಡು ಗಂಟೆ ಇಪ್ಪತ್ತು ನಿಮಿಷ ಸಾಕು. 1994ರಲ್ಲಿ ಶುರುವಾದಾಗ ಮೂರು ಗಂಟೆ ಹಿಡಿಯುತ್ತಿತ್ತಂತೆ, ಇಂಗ್ಲೆಂಡ್ ಕಡೆ ಹಳೇ ಹಳಿ ಇತ್ತು. 2007ರಲ್ಲಿ ಹೊಸ ಹಳಿ ಪೂರ್ತಿಯಾದ ಮೇಲೆ ಹೊತ್ತು ಉಳಿಯಿತು. ಗಂಟೆಗೆ 300 ಕಿ.ಮೀ. ಓಡುವ ರೈಲು ಸುರಂಗದೊಳಗೆ 160ಕ್ಕೆ ಇಳಿಯುತ್ತದೆ. ಸುರಂಗ 50 ಕಿ.ಮೀ. ಉದ್ದ, ಅದರಲ್ಲಿ 38 ಸಮುದ್ರದ ತಳದ ಕೆಳಗೆ. ಅಮ್ಮ ಕಿಟಕಿಗೆ ಮುಖ ಒತ್ತಿಕೊಂಡು ಸಮುದ್ರಕ್ಕೆ ಕಾಯುತ್ತಾ ಕೂತಿದ್ದರು. ಇಪ್ಪತ್ತು ನಿಮಿಷ ಬರೀ ಕತ್ತಲೆ. ಬೆಳಕು ಬಂದಾಗ ಹೊರಗೆ ಹೊಲ. "ಸಮುದ್ರ ಯಾವಾಗ ಬರುತ್ತೋ?" ಅಂದರು. "ದಾಟಿ ಆಯ್ತಮ್ಮ, ಇದು ಫ್ರಾನ್ಸ್" ಅಂದಾಗ ಅವರು ನಂಬಲೇ ಇಲ್ಲ.

ಆದರೆ ರೈಲು ತಾನೇ ಅಂತ ಕೊನೇ ಗಳಿಗೆಯಲ್ಲಿ ಓಡುವ ಹಾಗಿಲ್ಲ. ಹೊರಡುವ ಅರ್ಧ ಗಂಟೆ ಮೊದಲೇ ಗೇಟ್ ಮುಚ್ಚುತ್ತಾರೆ. ಬ್ಯಾಗ್ ತಪಾಸಣೆ ಇರುತ್ತದೆ, ಫ್ರಾನ್ಸ್‌ನ ಅಧಿಕಾರಿಗಳು ಲಂಡನ್‌ನಲ್ಲೇ ಪಾಸ್‌ಪೋರ್ಟ್ ನೋಡುತ್ತಾರೆ. ಲಂಡನ್‌ನಲ್ಲಿರುವ ನನ್ನ ಮಗಳು ಒಂದೂವರೆ ಗಂಟೆ ಮೊದಲೇ ನಮ್ಮನ್ನು ಹೊರಡಿಸಿದ್ದು ಒಳ್ಳೆಯದಾಯಿತು, ಮಂಡಿ ನೋವಿನ ಅಮ್ಮ ಆ ಸಾಲಿನಲ್ಲಿ ನಿಧಾನವಾಗಿ ನಡೆಯಬೇಕಿತ್ತು.

ವಾಪಸ್ ಬಂದಿದ್ದು ವಿಮಾನದಲ್ಲಿ. ಷಾರ್ಲ್ ದ ಗಾಲ್ ನಿಲ್ದಾಣ ಪ್ಯಾರಿಸ್‌ನಿಂದ 25 ಕಿ.ಮೀ. ಆಚೆ, ಇತ್ತ ಹೀಥ್ರೂ ಲಂಡನ್‌ನ ಪಶ್ಚಿಮದ ತುದಿಯಲ್ಲಿ. ಎರಡು ಗಂಟೆ ಮೊದಲೇ ಹೋಗಿ ಕೂತು, ಇಳಿದ ಮೇಲೆ ಮತ್ತೆ ಸಾಲು, ಮತ್ತೆ ಮೆಟ್ರೋ. ಹೋಟೆಲ್ ಬಿಟ್ಟು ಮಗಳ ಮನೆ ಸೇರುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ಮೇಲೆ ಹಾರಿದ್ದು ಮಾತ್ರ ಅದೇ ಒಂದೂಕಾಲು ಗಂಟೆ!

ಇನ್ನೊಂದು ಗೊಂದಲ ಗಡಿಯಾರದ್ದು. ಪ್ಯಾರಿಸ್ ಒಂದು ಗಂಟೆ ಮುಂದಿದೆ. 10.30ಕ್ಕೆ ಲಂಡನ್ ಬಿಟ್ಟ ರೈಲು 1.50ಕ್ಕೆ ತಲುಪುತ್ತದೆ ಅಂತ ಟಿಕೆಟ್‌ನಲ್ಲಿದ್ದರೆ ಅದು ಮೂರು ಗಂಟೆ ಇಪ್ಪತ್ತು ನಿಮಿಷದ ಪ್ರಯಾಣ ಅಲ್ಲ. ಬರುವಾಗ ಇದೇ ಉಲ್ಟಾ. ಅದೇ ದಿನ ಸಂಜೆ ವಾಪಸ್ ಬರುವವರು ಇದನ್ನು ನೋಡಿಕೊಂಡೇ ಟಿಕೆಟ್ ತೆಗೆಯಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ವೀಸಾ. ಬ್ರಿಟನ್ ವೀಸಾ ಇಟ್ಟುಕೊಂಡು ಪ್ಯಾರಿಸ್‌ಗೆ ಹೋಗಲು ಆಗುವುದಿಲ್ಲ. ನಮ್ಮ ಪಾಸ್‌ಪೋರ್ಟ್‌ನವರಿಗೆ ಷೆಂಗನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ವೀಸಾ, ಬೇರೆಯೇ ಬೇಕು. ಮಕ್ಕಳ ಮನೆಗೆ ಅಂತ ಲಂಡನ್‌ಗೆ ಹೋಗುವ ತಂದೆ ತಾಯಂದಿರು ಇದನ್ನು ಊರು ಬಿಡುವ ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ದಯವಿಟ್ಟು ಮುಂದಿನ ಸಲ ಕಿ.ಮೀ. ಪಕ್ಕದಲ್ಲಿ ಮನೆಯಿಂದ ಮನೆಗೆ ಎಷ್ಟು ಹೊತ್ತು ಅಂತಲೂ ಹಾಕಿ, ವೀಸಾ ವಿಷಯವನ್ನು ದಪ್ಪಕ್ಷರದಲ್ಲಿ ಹಾಕಿ.

– ನಿಮ್ಮ ಓದುಗ, ಮೈಸೂರು